ಸಮುದಾಯ ರೇಡಿಯೊ ಕಮಿಟಿ ಜಗಳ: ಸಭೆಯೋ, ರಿಜಿಸ್ಟ್ರಾರೋ, ಕೋರ್ಟೋ?

ಕೊಪ್ಪಳ ಕಡೆಯ ಗೆಳೆಯರೊಬ್ಬರು ಕೇಳಿದ್ದಾರೆ: ನಮ್ಮ ಸಮುದಾಯ ರೇಡಿಯೊ ನಡೆಸುವ ಸಂಘದ ಅಧ್ಯಕ್ಷರು ಲೆಕ್ಕ ತೋರಿಸುತ್ತಿಲ್ಲ, ವಾರ್ಷಿಕ ಸಭೆಯನ್ನೂ ಕರೆಯುತ್ತಿಲ್ಲ, ಯಾವ ದಾರಿ ಹಿಡಿಯೋಣ?

ಖರ್ಚು ನೋಡಿದರೆ ಸದಸ್ಯರ ವಿಶೇಷ ಸಭೆಯೇ ಅಗ್ಗ. ನೋಟಿಸ್, ಚಹಾ, ಮಿರ್ಚಿ, ಅಷ್ಟೇ. ಆದರೆ ಸದಸ್ಯರ ಪಟ್ಟಿಯ ಮೇಲೇ ತಕರಾರಿದ್ದರೆ ಅಲ್ಲಿ ಆದ ನಿರ್ಣಯ ನಿಲ್ಲೋದು ಕಷ್ಟ. ಮೊದಲು ಬೈಲಾ (ಸಂಘದ ನಿಯಮಾವಳಿ) ತೆಗೆದು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ ಎಷ್ಟು, ನೋಟಿಸ್ ಎಷ್ಟು ದಿನ ಮುಂಚೆ ಕೊಡಬೇಕು ಅಂತ ನೋಡಿ. ಜಗಳ ಶುರುವಾಗುವವರೆಗೆ ಅದನ್ನು ಯಾರೂ ಓದಿರುವುದಿಲ್ಲ, ಅಲ್ವಾ?

ರಿಜಿಸ್ಟ್ರಾರ್ (ಸಂಘಗಳ ನೋಂದಣಿ ಅಧಿಕಾರಿ) ದಾರಿಗೆ ತೂಕ ಜಾಸ್ತಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ, ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟು 25ನೇ ಕಲಂ ಪ್ರಕಾರ ವಿಚಾರಣೆ ಕೇಳಬಹುದು. ಲೆಕ್ಕದ ಪುಸ್ತಕ ಹೊರಗೆ ಬರಬೇಕೆಂದರೆ ಇದೇ ಸರಿ. ನಿಮ್ಮದು ಟ್ರಸ್ಟ್ ಆಗಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಕೋರ್ಟು ನಿಧಾನ, ವಕೀಲರ ಫೀಸು ಬೇರೆ. ಹೈಕೋರ್ಟ್‌ವರೆಗೆ ಹೋದರೆ ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ಆದರೂ ಟ್ರಾನ್ಸ್‌ಮಿಟರ್ ಸಾಗಿಸುತ್ತಾರೆ, ಬ್ಯಾಂಕ್ ಸಹಿ ಬದಲಿಸುತ್ತಾರೆ ಅನ್ನೋ ಭಯ ಇದ್ದರೆ ತಡೆಯಾಜ್ಞೆಗೆ ಕೋರ್ಟಿಗೇ ಹೋಗಬೇಕು.

ನಮ್ಮ ಬಣ ಬೇರೆಯಾಗಿ ಅದೇ ಲೈಸೆನ್ಸಿನಲ್ಲಿ ರೇಡಿಯೊ ನಡೆಸೋಣ ಅನ್ನೋ ಮಾತು ಸುಮ್ನೆ ಬಿಡಿ. ಲೈಸೆನ್ಸ್ ಸಂಸ್ಥೆಯ ಹೆಸರಲ್ಲಿರುತ್ತದೆ, ವರ್ಗಾಯಿಸಲು ಬರುವುದಿಲ್ಲ. ಎರಡೂ ಬಣ ಇನ್ನೂ ಒಂದೇ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದರೆ ನಾನಾದರೆ ಸಭೆಯನ್ನೇ ಕರೆಯುತ್ತೇನೆ. ಬೀಗ ಬದಲಾಗಿದ್ದರೆ ವಕೀಲರನ್ನು ನೋಡಿ.