‘1942ರ ಮಿಲಿಟರಿ ಜೀಪ್’ ಅಂತ ಇಸಾರ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹಳೇ ಜೀಪ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಮಿಲಿಟರಿ ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಬಾನೆಟ್‌ನ ಎರಡೂ ಬದಿಗೆ ಉಬ್ಬಕ್ಷರದಲ್ಲಿ ‘ವಿಲ್ಲೀಸ್’, ಅಂದರೆ ಯುದ್ಧಕಾಲದ ಜೀಪ್ ಮಾಡಿದ ಅಮೆರಿಕದ ಕಂಪನಿಯ ಹೆಸರು. ‘1942 ಮಾಡೆಲ್, ಯುದ್ಧಕ್ಕೆ ಹೋಗಿ ಬಂದ ಗಾಡಿ’ ಅಂತ ಹೇಳುತ್ತಾರೆ. ಅದು ಯುದ್ಧಕ್ಕೂ ಹೋಗಿಲ್ಲ, ವಿಲ್ಲೀಸೂ ಅಲ್ಲ. ಮಹೀಂದ್ರಾ ಚಾಸಿಸ್ ಮೇಲೆ ಹೊಸ ತಗಡಿನ ಬಾಡಿ ಕೂರಿಸಿದ್ದಾರೆ. ಇಸಾರ ಅಂತ ಮುಂಗಡ ಕೊಟ್ಟ ನನ್ನ 50 ಸಾವಿರ ಇನ್ನೂ ಅವರ ಹತ್ತಿರವೇ ಇದೆ.

ವ್ಯವಹಾರ ಎಲ್ಲರದೂ ಹೇಗೆ ಆಗುತ್ತೋ ಹಾಗೇ ಆಯ್ತು. ಪರಿಚಯದವರ ಕಡೆಯಿಂದ ಫೋಟೊ ಬಂತು, ಹೋಗಿ ನೋಡಿದೆ, ಒಂದು ಸುತ್ತು ಓಡಿಸಿದೆ, ಚಹಾ ಆಯ್ತು, ಎಳೆದಾಡಿ 9 ಲಕ್ಷಕ್ಕೆ ಮಾತು ಮುಗೀತು, ಇಸಾರ ಕೊಟ್ಟೆ. ಎಂಜಿನ್ ಒರಿಜಿನಲ್ ಅಲ್ಲ, ಡೀಸೆಲ್ ಹಾಕಿಸಿದ್ದೀವಿ ಅಂತ ಮಾರುವವನೇ ಮೊದಲು ಹೇಳಿಬಿಟ್ಟ. ಅದರಲ್ಲೇನೂ ವಿಶೇಷ ಇಲ್ಲ, ನಮ್ಮ ಕಡೆ ಬಹಳಷ್ಟು ಹಳೇ ಜೀಪ್‌ಗಳಿಗೆ ಯಾವತ್ತೋ ಡೀಸೆಲ್ ಎಂಜಿನ್ ಬಿದ್ದಿದೆ. ಆದರೆ ಒಂದು ಕೊರತೆ ತಾನಾಗೇ ಹೇಳಿದ ಮನುಷ್ಯ ಉಳಿದದ್ದೂ ಖರೇನೇ ಹೇಳ್ತಾನೆ ಅನ್ನಿಸುತ್ತೆ, ಅಲ್ವಾ? ಅದೇ ಅವನ ಆಟ. ಮೇಲಿಂದ ಒಂದು ಕತೆ ಬೇರೆ. ಬೆಳಗಾವಿ ಕ್ಯಾಂಪಿನ ಕರ್ನಲ್ ಸಾಹೇಬರೊಬ್ಬರ ಗಾಡಿಯಂತೆ, ಅವರು ತೀರಿಕೊಂಡ ಮೇಲೆ ಮಕ್ಕಳು ಕೊಟ್ಟರಂತೆ. ಅಷ್ಟು ಹಳೇ ಗಾಡಿಗೆ ಈಚಿನ ಕೆಎ ನಂಬರ್ ಯಾಕಿದೆ ಅಂದರೆ ಅದಕ್ಕೂ ಉತ್ತರ ರೆಡಿ: ‘ಮಿಲಿಟರಿ ಹರಾಜಿನ ಗಾಡಿ ಸರ, ಆರ್‌ಟಿಒ ಪಾಸಿಂಗ್ ತಡಾ ಆಗೇತಿ.’

ಡ್ಯಾಶ್‌ಬೋರ್ಡಿನ ಪ್ಲೇಟ್ ತೋರಿಸಿದ. ಡೆಲಿವರಿ ತಾರೀಖು 1942 ಅಂತ ಪಂಚ್ ಮಾಡಿತ್ತು. ಪ್ಲೇಟ್ ಮಾಸಿ ಕಪ್ಪಾಗಿತ್ತು, ಅದನ್ನು ಹಿಡಿದ ಸ್ಕ್ರೂ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ ಫಳಫಳ. ಇಂಥ ಪ್ಲೇಟ್ ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತೆ, ಬೇಕಾದ ನಂಬರ್ ಹೊಡೆದೇ ಕೊಡುತ್ತಾರೆ.

ಉಳಿದ ದುಡ್ಡು ಕೊಡುವ ಮುಂಚೆ ಬೆಳಗಾವಿ ಉದ್ಯಮಬಾಗಿನ ನಮ್ಮ ಫಿಟ್ಟರ್ ಕಾಕಾ ಅವರನ್ನು ಕರೆದುಕೊಂಡು ಹೋದೆ. ಕಾಕಾ ಬಾನೆಟ್ ಎತ್ತಿದರು. ಎಂಜಿನ್ ಕಡೆ ನೋಡಲೇ ಇಲ್ಲ. ಸೀದಾ ಹೆಡ್‌ಲೈಟ್ ಹಿಂದೆ ಕೈ ಹಾಕಿದರು. ‘ತಮ್ಮಾ, ಇದು ತಿರಗಂಗಿಲ್ಲಲ್ಲೋ’ ಅಂದರು. ಯುದ್ಧಕಾಲದ ಜೀಪ್ ವಿಲ್ಲೀಸ್‌ನ ಎಂಬಿ ಮಾಡೆಲ್ ಇರಲಿ, ಅದೇ ನಮೂನೆಗೆ ಫೋರ್ಡ್ ಮಾಡಿದ ಜಿಪಿಡಬ್ಲ್ಯೂ ಇರಲಿ, ಅದರ ಹೆಡ್‌ಲೈಟ್ ಕೀಲಿನ ಮೇಲೆ ಕೂತಿರುತ್ತೆ. ಕೈಯಿಂದಲೇ ತಿರುಗಿಸುವ ವಿಂಗ್ ನಟ್ ಸಡಿಲ ಮಾಡಿ ಹಿಂದಕ್ಕೆ ಹೊರಳಿಸಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತೆ, ರಾತ್ರಿ ರಿಪೇರಿಗೆ ಅಂತ. ಇಲ್ಲಿ ಕೀಲೂ ಇಲ್ಲ, ನಟ್ಟೂ ಇಲ್ಲ. ಪಟ್ಟಿಯೊಂದನ್ನು ಗ್ರಿಲ್‌ಗೆ ವೆಲ್ಡ್ ಮಾಡಿದ್ದಾರೆ. ನಾನೂ ಕೈ ಹಾಕಿ ನೋಡಿದೆ. ಬಣ್ಣದ ಕೆಳಗೆ ವೆಲ್ಡಿಂಗ್ ಹನಿಗಳು ಬೆರಳಿಗೆ ಒರಟಾಗಿ ಹತ್ತುತ್ತಿದ್ದವು. ಗ್ರಿಲ್‌ನಲ್ಲಿ ಮಾತ್ರ ಲೆಕ್ಕ ಹಾಕಿ ಒಂಬತ್ತು ಸೀಳು ಕೊರೆದಿದ್ದಾರೆ, ಮಿಲಿಟರಿ ಜೀಪಿಗೆ ಒಂಬತ್ತು, ಸಿವಿಲ್ ಜೀಪಿಗೆ ಏಳು ಅಂತ ಎಲ್ಲರೂ ಎಣಿಸುತ್ತಾರಲ್ಲ, ಅದಕ್ಕೆ.

ಆಮೇಲೆ ಕಾಕಾ ಬಾನೆಟ್ ಬದಿಯ ಕೊನೇ ‘ಎಸ್’ ಅಕ್ಷರಕ್ಕೆ ಉಗುರು ಹಾಕಿ ಕೆರೆದರು. ಬಣ್ಣದ ಚಕ್ಕೆ ಎದ್ದು ಬಂತು. ಕೆಳಗೆ ಎಂ-ಸೀಲ್! ವಿಲ್ಲೀಸ್ ಅಂತ ಎಂ-ಸೀಲ್‌ನಲ್ಲಿ ಬರೆದಿದ್ದಾರೆ ಸ್ವಾಮಿ! ಅದಕ್ಕಿಂತ ಮಜಾ ಏನಪ್ಪಾ ಅಂದ್ರೆ ಯುದ್ಧದ ಜೀಪಿಗೆ ಬಾನೆಟ್ ಬದಿಯಲ್ಲಿ ಕಂಪನಿ ಹೆಸರೇ ಇರುತ್ತಿರಲಿಲ್ಲ. ಆ ಉಬ್ಬಕ್ಷರ ಶುರುವಾಗಿದ್ದು 1945ರಲ್ಲಿ ಬಂದ ಸಿವಿಲ್ ಗಾಡಿ ಸಿಜೆ-2ಎಯಿಂದ. ನಂಬಿಸಲಿಕ್ಕೆ ಅಂಟಿಸಿದ ಹೆಸರೇ ಇದು ಖೊಟ್ಟಿ ಅಂತ ಸಾರುತ್ತಿತ್ತು. ಅವನ ಗ್ಯಾರೇಜಿನ ಹುಡುಗರು ಪಕ್ಕದಲ್ಲೇ ನಿಂತು ಮುಸಿಮುಸಿ ನಗುತ್ತಿದ್ದರು. ಮೊದಲ ಸಲ ಹೋದಾಗ ನಾನು ಅದೇ ಅಕ್ಷರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದೆ, ತೆಗೆದದ್ದು ಆ ಹುಡುಗರೇ. ಆ ಫೋಟೊ ಬೀಗರ ತನಕ ಹೋಗಿದೆ. ನಾಚಿಕೆ ಅಂದ್ರೆ ನಾಚಿಕೆ.

ಈಗ ಅವನ ಉತ್ತರ ಕೇಳಿ. ‘ಸರ, ವಿಲ್ಲೀಸ್‌ದವ್ರ ಲೈಸೆನ್ಸ್ ತಗೊಂಡ ಮಹೀಂದ್ರಾದವ್ರು ಜೀಪ್ ಮಾಡಿದ್ರು. ಅಂದಮ್ಯಾಲ ಎರಡೂ ಒಂದ ಅಲ್ಲೇನ್ರಿ?’ ಮಹೀಂದ್ರಾ ಇಲ್ಲಿ ಜೀಪ್ ಜೋಡಿಸಲು ಶುರು ಮಾಡಿದ್ದು 1947ರಲ್ಲಿ, ಯುದ್ಧ ಮುಗಿದ ಮೇಲೆ, ಹಾಗಿದ್ರೆ 1942 ಎಲ್ಲಿಂದ ಬಂತು ಅಂದೆ. ‘ಪ್ಲೇಟ್‌ನ್ಯಾಗ ಐತಲ್ರಿ.’ ಪ್ಲೇಟ್ ಹಾಕಿದ್ದು ಯಾರು ಅಂದೆ. ‘ನೀವ ನೋಡಿ, ಓಡಿಸಿ, ಒಪ್ಪಿ ಇಸಾರ ಕೊಟ್ಟೀರಿ. ನಾ ಏನ್ ಕೈ ಹಿಡದು ಜಗ್ಗಿನೇನ್ರಿ?’ ದುಡ್ಡು ವಾಪಸ್ ಕೊಡು ಅಂದರೆ ‘ಗಾಡಿ ಮಾರಿದಮ್ಯಾಲ ನೋಡೋಣ್ರಿ.’ ಈಗ ಫೋನ್ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಕೈ ಮುಗಿಯುವ ಚಿತ್ರ ಒಂದು ಬರುತ್ತೆ, ಅಷ್ಟೇ. ಆ ಕೈ ಮುಗಿದದ್ದು ನೋಡಿದರೆ ಇನ್ನೂ ಜಾಸ್ತಿ ಸಿಟ್ಟು ಬರುತ್ತೆ.

ಅವನು ಕೊಟ್ಟ ಆರ್‌ಸಿ ಜೆರಾಕ್ಸ್‌ನಲ್ಲಿ ತಯಾರಾದ ವರ್ಷದ ಜಾಗ ಮಾತ್ರ ಮಸಿ ಬಡಿದ ಹಾಗಿತ್ತು. ಮನೆಗೆ ಬಂದು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹೊಡೆದೆ. ಮೇಕರ್ ಮಹೀಂದ್ರಾ, ವರ್ಷ 1986. ಇವನು ‘ವಿಂಟೇಜ್ ನಂಬರ್ ಮಾಡಿಸ್ಕೊಳ್ರಿ ಸರ, ಮೆರೀತೀರಿ’ ಅಂದಿದ್ದ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿ ಮೊದಲು ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿ ಫೀ ಒಂದೇ 20 ಸಾವಿರ. 1986ರ ಚಾಸಿಸ್ ತಗೊಂಡು ಎಲ್ಲಿಗೆ ಹೋಗಲಿ? ಆರ್‌ಸಿಯಲ್ಲಿ ಒಂದು, ರಸ್ತೆ ಮೇಲೆ ಇನ್ನೊಂದು ಅಂತ ಆರ್‌ಟಿಒದವರು ಹಿಡಿದರೆ ಅನುಭವಿಸುವವನು ನಾನು, ಅವನಲ್ಲ.

ರೆಪ್ಲಿಕಾ ಅಂತ ಹೇಳಿ ಮಾರಿದರೆ ನನ್ನದೇನೂ ತಕರಾರಿಲ್ಲ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪ್ ಕಟ್ಟಿಕೊಡುತ್ತಾರೆ, ಎಲ್ಲರಿಗೂ ಗೊತ್ತು, ಇಷ್ಟಪಟ್ಟು ತರಿಸುವವರೂ ಇದ್ದಾರೆ. ಹೊಸ ತಗಡಿಗೆ ಯುದ್ಧದ ಕತೆ ಕಟ್ಟಿ ಯುದ್ಧದ ರೇಟ್ ಕೇಳೋದು ಮಾತ್ರ ದರೋಡೆ.

ಹೋಗುವವರು ಮೊದಲು ಹೆಡ್‌ಲೈಟ್ ತಿರುಗಿಸಿ ನೋಡಿ. ಫೋರ್ಡ್ ಆದರೆ ಬೋಲ್ಟ್ ತಲೆ ಮೇಲೆ ‘ಎಫ್’ ಇರುತ್ತೆ ಅಂತಾರೆ, ಅದು ನಿಜವೇ, ಆದರೆ ಅಕ್ಷರ ಹೊಡೆಯುವ ಪಂಚ್ ಯಾರ ಹತ್ರ ಇಲ್ಲ? ಜೆರಾಕ್ಸ್ ನಂಬಬೇಡಿ, ಇಸಾರಕ್ಕೆ ಮುಂಚೆಯೇ ನಂಬರ್ ಚೆಕ್ ಮಾಡಿ. ಇಸಾರದ ಚೀಟಿಯಲ್ಲಿ ‘1942ರ ಒರಿಜಿನಲ್ ವಿಲ್ಲೀಸ್’ ಅಂತ ಬರೆದು ಸಹಿ ಹಾಕು ಅನ್ನಿ. ಅಲ್ಲೇ ಅವನ ಮುಖ ನೋಡಿ.

ಅದೇ ಗಾಡಿ ಈ ವಾರ ಮತ್ತೆ ಮಾರಾಟಕ್ಕೆ ಬಂದಿದೆ. ಬಾನೆಟ್ ಬದಿಯ ಅಕ್ಷರ ಕಿತ್ತು ನೀಟಾಗಿ ಬಣ್ಣ ಹೊಡೆದಿದ್ದಾರೆ, ಈಗ ಅದು ‘ಫೋರ್ಡ್, 1944’ ಅಂತೆ. ಎಡಗಡೆ ಹಿಂದಿನ ಟೂಲ್‌ಬಾಕ್ಸ್ ಮುಚ್ಚಳ ಸೊಟ್ಟ ಇದೆ, ಅದನ್ನು ಸರಿ ಮಾಡಿಲ್ಲ. ಅದು ಕಂಡರೆ ಚಹಾ ಕೂಡ ಕುಡಿಯದೆ ವಾಪಸ್ ಬನ್ನಿ.