ಗ್ಯಾಸ್ ಅಲಾರಂ, ಸಿಒ ಅಲಾರಂ, ಹೊಗೆ ಅಲಾರಂ: ಫ್ಲ್ಯಾಟಿಗೆ ಯಾವುದು ಬೇಕು, ಎಲ್ಲಿ ಹಾಕಬೇಕು

ಅಡುಗೆಮನೆ ಗೋಡೆಗೆ ಒಂದು ಗ್ಯಾಸ್ ಅಲಾರಂ ಸಿಕ್ಕಿಸಿ, ಬಾತ್‌ರೂಮಿನ ಗ್ಯಾಸ್ ಗೀಸರ್‌ಗೂ ಅದೇ ಕಾವಲು ಎಂದುಕೊಂಡವರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಹಳ ಮಂದಿ ಇದ್ದಾರೆ. ಎಲ್‌ಪಿಜಿ ಸೋರಿದರೆ ಕೂಗುವ ಯಂತ್ರ, ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ (ಸಿಒ) ತುಂಬಿದ ಮನೆಯಲ್ಲಿ ಹಸಿರು ದೀಪ ಉರಿಸಿಕೊಂಡು ಸುಮ್ಮನೆ ಕೂತಿರುತ್ತದೆ. ಹೊಗೆ ಅಲಾರಂಗೆ ಈ ಎರಡು ಅನಿಲಗಳಲ್ಲಿ ಯಾವುದೂ ಗೊತ್ತಾಗುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಮನೆಯಲ್ಲಿ ಇರುವ ಅಪಾಯ ಯಾವುದು ಎಂದು ನೋಡಬೇಕು, ಬ್ರ್ಯಾಂಡ್ ಆಮೇಲೆ.

ಮೊದಲು ಸಿಒ ಅಲಾರಂ, ಏಕೆಂದರೆ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಸುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಲಾರಂಗಳಲ್ಲಿ ಎರಡು ಜಾತಿ. ಒಂದರಲ್ಲಿ ಸೆಮಿಕಂಡಕ್ಟರ್ ಸೆನ್ಸರ್, ಇನ್ನೊಂದರಲ್ಲಿ ಎಲೆಕ್ಟ್ರೋಕೆಮಿಕಲ್ ಸೆನ್ಸರ್. ಎರಡನ್ನೂ ಅಕ್ಕಪಕ್ಕ ಇಟ್ಟು, ಸ್ಯಾನಿಟೈಸರ್‌ನಲ್ಲಿ ಅದ್ದಿದ ಹತ್ತಿಯನ್ನು ಹತ್ತಿರ ಹಿಡಿದರೆ ಅಗ್ಗದ ಸೆಮಿಕಂಡಕ್ಟರ್ ಯಂತ್ರ ಕೂಡಲೇ ಕೂಗಿಕೊಳ್ಳುತ್ತದೆ; ಇದ್ದಿಲಿನ ಫಿಲ್ಟರ್ ಇರುವ ಎಲೆಕ್ಟ್ರೋಕೆಮಿಕಲ್ ಯಂತ್ರ ಅಷ್ಟಕ್ಕೆ ಬಗ್ಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಜೊತೆಗೊಂದು ಉರಿಯುವ ಅಗರಬತ್ತಿ ಸೇರಿಸಿ ಮುಚ್ಚಳ ಹಾಕಿದರೆ ಅದರ ಅಂಕಿ ಮೆಲ್ಲಗೆ ಏರುತ್ತದೆ, ಏಕೆಂದರೆ ಅಗರಬತ್ತಿ ನಿಜಕ್ಕೂ ಸಿಒ ಬಿಡುತ್ತದೆ. ಸೆಮಿಕಂಡಕ್ಟರ್ ಸೆನ್ಸರ್ ಸದಾ ಬಿಸಿಯಾಗಿರಬೇಕು. ಹಾಗಾಗಿ ಅದು ಹೆಚ್ಚಾಗಿ ಪ್ಲಗ್ಗಿಗೆ ಸಿಕ್ಕಿಸುವ ಮಾದರಿ, ಕರೆಂಟ್ ಹೋದರೆ ಅದೂ ಹೋಯಿತು. ಇವೆರಡರಲ್ಲಿ ಎಲೆಕ್ಟ್ರೋಕೆಮಿಕಲ್ ಒಂದನ್ನೇ ಕೊಳ್ಳಿ.

ಅದರಲ್ಲೂ ಡಬ್ಬದ ಮೇಲೆ ಇಎನ್ 50291 ಅಥವಾ ಯುಎಲ್ 2034 ಎಂದು ಇದೆಯೇ ನೋಡಿ, ಇವು ಸಿಒ ಅಲಾರಂಗಳ ಗುಣಮಟ್ಟದ ಗುರುತು. ಈ ಎರಡರ ನಡುವೆಯೂ ವ್ಯತ್ಯಾಸವಿದೆ. ಯುರೋಪಿನ ಇಎನ್ ಮಾದರಿ ಸಿಒ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಲೇಬೇಕು. ಅಮೆರಿಕದ ಯುಎಲ್ ಮಾದರಿ 70 ಪಿಪಿಎಂಗೆ 60ರಿಂದ 240 ನಿಮಿಷ, 150ಕ್ಕೆ 10ರಿಂದ 50, 400ಕ್ಕೆ 4ರಿಂದ 15 ನಿಮಿಷ ತೆಗೆದುಕೊಳ್ಳಬಹುದು. ವಯಸ್ಸಾದವರು, ಗರ್ಭಿಣಿ, ಹಸುಗೂಸು ಇರುವ ಮನೆಗೆ ನಾವು ಇಎನ್ ಮಾದರಿಯನ್ನೇ ಹೇಳುತ್ತೇವೆ. ಯುಎಲ್ ಮಾದರಿ 30 ಪಿಪಿಎಂಗಿಂತ ಕೆಳಗೆ ಸೊನ್ನೆ ತೋರಿಸುತ್ತದೆ. ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ.

ಎಲೆಕ್ಟ್ರೋಕೆಮಿಕಲ್‌ಗೂ ಒಂದು ದೌರ್ಬಲ್ಯವಿದೆ, ಅದು ನಮ್ಮ ಮನೆಗಳಲ್ಲೇ ಹೆಚ್ಚು ಕಾಣುವಂಥದ್ದು. ಇನ್ವರ್ಟರ್‌ನ ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಸೆನ್ಸರ್ ಅದನ್ನು ಸಿಒ ಎಂದೇ ಓದುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಕಾರಣವಿಲ್ಲದೆ ಅಂಕಿ ಏರಿದರೆ ಮೊದಲು ಬ್ಯಾಟರಿಯ ಮೂಲೆ ನೋಡಿ. ಹೈಡ್ರೋಜನ್ ಸೇರಿಕೊಳ್ಳುವುದೂ ಬೆಂಕಿಯ ಅಪಾಯವೇ. ಆದ್ದರಿಂದ ಅಲಾರಂ ದೂರ ಸರಿಸಿದರೆ ಸಾಲದು, ಬ್ಯಾಟರಿಯನ್ನೂ ಗಾಳಿಯಾಡುವ ಜಾಗಕ್ಕೆ ತನ್ನಿ. ಆದರೆ ಸಿಒ ಎಲ್ಲಿಂದಲೂ ಬರುತ್ತಿಲ್ಲವೆಂದು ಖಚಿತವಾಗುವ ತನಕ ಪ್ರತಿ ಕೂಗನ್ನೂ ನಿಜವೆಂದೇ ನಂಬಿ ಹೊರಗೆ ಬನ್ನಿ.

ಸಿಒ ಗಾಳಿಯಷ್ಟೇ ತೂಕದ ಅನಿಲ. ಹಾಗಾಗಿ ನೆಲಕ್ಕೋ ಸೂರಿಗೋ ಅಂಟಿಸುವ ಅಗತ್ಯವಿಲ್ಲ. ಮಲಗುವ ಕೋಣೆಯಲ್ಲಿ ದಿಂಬಿನ ಮಟ್ಟದ ಸುಮಾರಿಗೆ ಇಡಿ. ಉರಿಯುವ ಸಾಧನವಿರುವ ಕೋಣೆಯಲ್ಲಾದರೆ ಅದರಿಂದ 1ರಿಂದ 3 ಮೀಟರ್ ಆಚೆ ಇರಲಿ. ಬಾತ್‌ರೂಮಿನ ಒಳಗೆ ಮಾತ್ರ ಬೇಡ, ಹಬೆ ಸೆನ್ಸರನ್ನು ಹಾಳುಮಾಡುತ್ತದೆ. ಹೊರಗೆ ಇಟ್ಟರೆ ಒಳಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೆ ಅದು ತಡವಾಗಿ ಕೂಗುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿ ಸುಮಾರು 8 ಘನ ಮೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಕೆಜಿ ಎಲ್‌ಪಿಜಿ ಸುಡುತ್ತದೆ, ಅಷ್ಟಕ್ಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ಅಂದರೆ ಹತ್ತು ನಿಮಿಷದ ಸ್ನಾನಕ್ಕೆ 2 ಘನ ಮೀಟರ್. ಕಿಟಕಿ ಮುಚ್ಚಿದ್ದರೆ ಕೋಣೆಯ ಗಾಳಿಯಲ್ಲಿ ಕಾಲುಭಾಗದ ಆಮ್ಲಜನಕ ಖಾಲಿ. ಆಮ್ಲಜನಕ ಇಳಿಯುತ್ತಿದ್ದಂತೆ ಗ್ಯಾಸ್ ಅರೆಬರೆ ಉರಿದು ಸಿಒ ಹುಟ್ಟುತ್ತದೆ, ನೀಲಿ ಜ್ವಾಲೆ ಹಳದಿಗೆ ತಿರುಗುತ್ತದೆ. ಬರ್ನರ್‌ನಲ್ಲಿ ಧೂಳು, ತಾಮ್ರದ ಸುರುಳಿಯಲ್ಲಿ ಮಸಿ ಕಟ್ಟಿದ್ದರೆ ಇನ್ನೂ ಬೇಗ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುತ್ತಾರೆ. ಗಾಳಿ ಒಳಬರಲು ಬಾಗಿಲ ಕೆಳಗೆ ಸಂದು ಇಲ್ಲದಿದ್ದರೆ ಫ್ಯಾನ್ ತಿರುಗಿದರೂ ಎಳೆಯಲು ಏನೂ ಇರುವುದಿಲ್ಲ.

ಹೀಗಾಗಿ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉಳಿಸಿಕೊಂಡು ಅಲಾರಂ ಕೊಳ್ಳುವುದಕ್ಕಿಂತ ಗೀಸರನ್ನೇ ತೆರೆದ ಯುಟಿಲಿಟಿಗೆ ಸ್ಥಳಾಂತರಿಸಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ತರುವುದು ಸರಿಯಾದ ದಾರಿ. ಅಲಾರಂ ಅದರ ಮೇಲಿನ ಎರಡನೇ ಕಾವಲು. ನಮ್ಮಲ್ಲಿ ಇರುವುದು ಕರೆಂಟ್ ಗೀಸರ್ ಎಂದು ನಿರಾಳವಾಗುವಂತೆಯೂ ಇಲ್ಲ. ಕೆಳಗಿನ ಫ್ಲ್ಯಾಟಿನ ಗೀಸರ್ ಹೊಗೆ ಡಕ್ಟಿಗೆ ಬಿಟ್ಟರೆ ಅದೇ ಡಕ್ಟಿಗೆ ತೆರೆಯುವ ಮೇಲಿನ ಮನೆಯ ವೆಂಟಿಲೇಟರ್ ಮೂಲಕ ಒಳಬರುತ್ತದೆ. ಬೇಸ್‌ಮೆಂಟಿನ ಜನರೇಟರ್‌ನದೂ ಅದೇ ಕಥೆ.

ಅಡುಗೆ ಅನಿಲದ ಅಲಾರಂಗೆ ಬರೋಣ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ; ಯಂತ್ರ ನೆಲದಿಂದ 30 ಸೆಂಟಿಮೀಟರ್ ಒಳಗೆ ಇರಬೇಕು. ಗೇಲ್ ಗ್ಯಾಸ್‌ನಂಥ ಕಂಪನಿಗಳು ಪೈಪಿನಲ್ಲಿ ಕೊಡುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದಕ್ಕೆ ಸೂರಿನಿಂದ 30 ಸೆಂಟಿಮೀಟರ್ ಒಳಗೆ. ಸಿಲಿಂಡರ್ ಬಿಟ್ಟು ಪೈಪಿಗೆ ಬದಲಾದ ಮನೆಗಳಲ್ಲಿ ಹಳೆಯ ಅಲಾರಂ ಸಿಂಕಿನ ಕೆಳಗೇ ಉಳಿದಿರುತ್ತದೆ. ಜಾಗ ಬದಲಿಸುವುದರ ಜೊತೆಗೆ ಅದು ಮೀಥೇನ್‌ಗೆ ಹೊಂದಿಸಿದ್ದೇ ಎಂದು ಕೈಪಿಡಿ ನೋಡಬೇಕು. ಕೆಲವು ಕಾಂಪ್ಲೆಕ್ಸುಗಳಲ್ಲಿ ಪೈಪಿನಲ್ಲಿ ಬರುವುದು ಕೆಳಗಿನ ಸಿಲಿಂಡರ್ ಬ್ಯಾಂಕಿನ ಎಲ್‌ಪಿಜಿಯೇ. ಅಸೋಸಿಯೇಷನ್ ಆಫೀಸಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಲೈಟರ್‌ನಿಂದ ಗ್ಯಾಸ್ ಬಿಟ್ಟು ಪರೀಕ್ಷಿಸುವ ಅಭ್ಯಾಸ ಬೇಡ, ದಟ್ಟವಾದ ಬ್ಯೂಟೇನ್ ಸೆನ್ಸರಿನ ಸೂಕ್ಷ್ಮತೆಯನ್ನು ಕೆಡಿಸಬಹುದು.

ಹೊಗೆ ಅಲಾರಂಗಳಲ್ಲಿ ಎರಡು ಬಗೆ: ಬೆಳಕಿನಿಂದ ಹೊಗೆ ಗುರುತಿಸುವ ಫೋಟೋಎಲೆಕ್ಟ್ರಿಕ್ ಮತ್ತು ವಿಕಿರಣದಿಂದ ಗುರುತಿಸುವ ಅಯಾನೈಸೇಷನ್. ಭಗ್ಗನೆ ಉರಿಯುವ ಬೆಂಕಿಗೆ ಅಯಾನೈಸೇಷನ್ ಬೇಗ. ಹಾಸಿಗೆ, ಸೋಫಾ, ವೈರಿನ ಇನ್ಸುಲೇಷನ್ ಹೊಗೆಯಾಡುತ್ತ ಹತ್ತಿಕೊಳ್ಳುವ ಬೆಂಕಿಗೆ ಫೋಟೋಎಲೆಕ್ಟ್ರಿಕ್ ಬೇಗ. ಮಲಗಿದವರನ್ನು ಕೊಲ್ಲುವುದು ಹೆಚ್ಚಾಗಿ ಈ ಹೊಗೆಯಾಡುವ ಬೆಂಕಿಯೇ. ಅಯಾನೈಸೇಷನ್‌ನಲ್ಲಿ ವಿಕಿರಣಶೀಲ ಅಮೆರಿಸಿಯಂ 241 ಇರುವುದರಿಂದ ಕೆಟ್ಟ ಮೇಲೆ ಕಸಕ್ಕೂ ಹಾಕುವಂತಿಲ್ಲ. ಕೋಣೆಗೆ, ಪ್ಯಾಸೇಜಿಗೆ ಫೋಟೋಎಲೆಕ್ಟ್ರಿಕ್ ಸಾಕು. ಅಡುಗೆಮನೆಗೆ ಅದು ಆಗಿಬರುವುದಿಲ್ಲ: ಒಣಮೆಣಸಿನಕಾಯಿ ಒಗ್ಗರಣೆಗೆ, ದೋಸೆ ಹೆಂಚಿನ ಹೊಗೆಗೆ, ಕುಕ್ಕರಿನ ಹಬೆಗೆ ದಿನಕ್ಕೊಮ್ಮೆ ಕೂಗಿ, ವಾರದೊಳಗೆ ಯಾರೋ ಬ್ಯಾಟರಿ ಕಿತ್ತಿಟ್ಟಿರುತ್ತಾರೆ. ಅಲ್ಲಿ ಸುಮಾರು 57 ಡಿಗ್ರಿ ಸೆಲ್ಸಿಯಸ್‌ಗೆ ಕೆಲಸಮಾಡುವ ಹೀಟ್ ಡಿಟೆಕ್ಟರ್ ಹಾಕಿ. ಉಷ್ಣಾಂಶ ಏರುವ ವೇಗ ಅಳೆಯುವ ಮಾದರಿ ಓವನ್ ಬಾಗಿಲು ತೆರೆದಾಗಲೂ ಕೂಗಬಹುದು. ದೇವರಮನೆಯಲ್ಲಿ ಸಾಂಬ್ರಾಣಿ ಹಾಕುವ ಮನೆಯಾದರೆ ಹೊಗೆ ಅಲಾರಂ ಅಲ್ಲಿಂದ ಮೂರು ಮೀಟರಾದರೂ ಆಚೆಗಿರಲಿ. ಮಧ್ಯರಾತ್ರಿ ಸುಮ್ಮನೆ ಕೂಗಿದರೆ ಒಳಗೆ ಜೇಡವೋ ಇರುವೆಯೋ ಸೇರಿರುವ ಸಾಧ್ಯತೆ ಹೆಚ್ಚು. ತಿಂಗಳಿಗೊಮ್ಮೆ ವ್ಯಾಕ್ಯೂಮಿನ ಮೆತ್ತನೆ ಬ್ರಷ್ ಆಡಿಸಿ.

ಹೊಗೆ ಮತ್ತು ಸಿಒ ಎರಡೂ ಇರುವ ಜೋಡಿ ಅಲಾರಂ ಒಂದು ಮಲಗುವ ಕೋಣೆಯ ಮನೆಗೆ ಒಳ್ಳೆಯದು. ದೊಡ್ಡ ಮನೆಗೆ ಬೇರೆ ಬೇರೆಯೇ ಲೇಸು, ಒಂದರ ಆಯುಷ್ಯ ಮುಗಿದರೆ ಎರಡನ್ನೂ ಎಸೆಯಬೇಕಾಗುವುದಿಲ್ಲ. ಜೋಡಿ ಯಂತ್ರದಲ್ಲಿ ಮೂರು ಬೀಪ್ ಬಂದರೆ ಬೆಂಕಿ, ನಾಲ್ಕು ಬಂದರೆ ಸಿಒ, ನಿಮಿಷಕ್ಕೊಮ್ಮೆ ಒಂದೇ ಚಿಲಿಪಿಲಿಯಾದರೆ ಬ್ಯಾಟರಿ. ಮನೆಯ ಹಿರಿಯರಿಗೂ ಕೆಲಸಕ್ಕೆ ಬರುವವರಿಗೂ ಟೆಸ್ಟ್ ಬಟನ್ ಒತ್ತಿ ಈ ಸದ್ದು ಕೇಳಿಸಿಡಿ. ಟೆಸ್ಟ್ ಬಟನ್ ಹೆಚ್ಚಾಗಿ ಹಾರ್ನ್ ಮತ್ತು ಸರ್ಕ್ಯೂಟನ್ನಷ್ಟೇ ಪರೀಕ್ಷಿಸುತ್ತದೆ. ಸವೆದ ಸಿಒ ಸೆನ್ಸರ್ ಇದ್ದರೂ ಬೀಪ್ ಬರುತ್ತದೆ. ಹಿಂಬದಿಯಲ್ಲಿ ಮುದ್ರಿಸಿದ ಬದಲಾವಣೆಯ ದಿನಾಂಕವೇ ಪ್ರಮಾಣ. ವೈಫೈ ಮಾದರಿಗಳು ಹೊರಗಿದ್ದಾಗ ಉಪಯೋಗಕ್ಕೆ ಬರುತ್ತವೆ, ಸ್ವಂತ ಹಾರ್ನ್ ಇಲ್ಲದ್ದನ್ನು ಕೊಳ್ಳಬೇಡಿ.

ಬಿಲ್ಡಿಂಗಿನ ಸಾಮೂಹಿಕ ಬೆಂಕಿ ಅಲಾರಂ ವ್ಯವಸ್ಥೆ ಇದೆಯೆಂದು ಮನೆಯೊಳಗಿನದನ್ನು ಬಿಡಲಾಗದು. ಕಾರಿಡಾರಿನ ಹೂಟರ್ ಎರಡು ಮುಚ್ಚಿದ ಬಾಗಿಲು ದಾಟಿ ಬರುವಷ್ಟರಲ್ಲಿ, ನಿದ್ದೆಯಿಂದ ಎಬ್ಬಿಸಲು ಬೇಕಾದ 75 ಡೆಸಿಬೆಲ್ ಉಳಿಯುವುದು ಕಷ್ಟ. ಆ ವ್ಯವಸ್ಥೆಯ ನಿಯಂತ್ರಣ ಪೆಟ್ಟಿಗೆ ಹಳೆಯ ಕನ್ವೆನ್ಷನಲ್ ಪ್ಯಾನೆಲ್ ಆಗಿದ್ದರೆ ಯಾವ ವಲಯದಲ್ಲಿ ಬೆಂಕಿ ಎಂದಷ್ಟೇ ಹೇಳುತ್ತದೆ. ಅಡ್ರೆಸೆಬಲ್ ಪ್ಯಾನೆಲ್ ಯಾವ ಡಿಟೆಕ್ಟರ್ ಎಂದು ಹೇಳುತ್ತದೆ, ಸೆಕ್ಯುರಿಟಿಯವರು ಮಹಡಿ ಮಹಡಿ ಹುಡುಕುವ ಸಮಯ ಉಳಿಯುತ್ತದೆ. ಯಾವುದಿದ್ದರೂ ಮೂರು ವಿಷಯ ಹೋಗಿ ನೋಡಿ: ಹೂಟರ್ ಸೈಲೆನ್ಸ್‌ನಲ್ಲಿ ಇಟ್ಟಿದ್ದಾರೆಯೇ, ಪ್ಯಾನೆಲ್ಲಿನೊಳಗಿನ 12 ವೋಲ್ಟ್ ಬ್ಯಾಟರಿ ಜೋಡಿ ಉಬ್ಬಿದೆಯೇ, ಪೇಂಟ್ ಕೆಲಸಕ್ಕೆ ಡಿಟೆಕ್ಟರ್‌ಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಅಲ್ಲೇ ಇದೆಯೇ.

ಗ್ಯಾಸ್ ಅಲಾರಂ ಕೂಗಿದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನನ್ನೂ ಹಾಕಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು ಫೋನ್ ಮಾಡಿ. ಸಿಒ ಅಲಾರಂ ಕೂಗಿದರೆ ಎಲ್ಲರೂ ಹೊರಗೆ, 112ಕ್ಕೆ ಕರೆ. ತಲೆನೋವು, ವಾಂತಿ, ತಲೆಸುತ್ತು ಇದ್ದವರ ಬೆರಳಿಗೆ ಮನೆಯ ಪಲ್ಸ್ ಆಕ್ಸಿಮೀಟರ್ ಹಾಕಿ 98 ಇದೆ ಎಂದು ಸಮಾಧಾನಪಡಬೇಡಿ. ಸಿಒ ಹಿಡಿದ ಹಿಮೋಗ್ಲೋಬಿನ್ ಅದಕ್ಕೆ ಆಮ್ಲಜನಕ ತುಂಬಿದ ಹಾಗೇ ಕಾಣುತ್ತದೆ. ಆಸ್ಪತ್ರೆಯಲ್ಲಿ ಮೊದಲ ಮಾತೇ ಗೀಸರ್ ಉರಿಯುತ್ತಿತ್ತು, ಸಿಒ ಅಲಾರಂ ಕೂಗಿತು ಎಂಬುದಾಗಿರಲಿ. ರಕ್ತದ ಕಾರ್ಬಾಕ್ಸಿಹಿಮೋಗ್ಲೋಬಿನ್ (ಸಿಒ ಹಿಡಿದ ಹಿಮೋಗ್ಲೋಬಿನ್) ಪರೀಕ್ಷೆ ಮಾಡಿಸಲು, ಮಾಸ್ಕಿನಲ್ಲಿ ಪೂರ್ಣ ಆಮ್ಲಜನಕ ಕೊಡಲು ಡಾಕ್ಟರಿಗೆ ಅಷ್ಟು ಸುಳಿವು ಬೇಕು.