ಗೌನಿನ ಟ್ರೇನ್ ಎತ್ತಿ ಕಟ್ಟುವ ವಿಚಾರವನ್ನು ಕೊನೆಯ ಫಿಟ್ಟಿಂಗಿಗೆ ಬಿಡಬೇಡಿ

ಕಳೆದ ವರ್ಷ ಈಸ್ಟರ್ ಕಳೆದು ಮೂರನೆಯ ವಾರದಲ್ಲಿ ಮಂಗಳೂರಿನಲ್ಲಿ ನನ್ನ ತಂಗಿಯ ಮದುವೆ ನಡೆಯಿತು. ಅಂದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನಾನು ಹಾಲ್‌ನಲ್ಲಿ ಇರಲಿಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗೆ, ಬಲಗೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದ ಮೌಶಿಯ, ಅಂದರೆ ಚಿಕ್ಕಮ್ಮನ, ಪಕ್ಕದಲ್ಲಿದ್ದೆ. ಮದುಮಗಳ ಗೌನಿನ ಟ್ರೇನನ್ನು ಚರ್ಚಿನ ವಿಧಿ ಮುಗಿದ ಮೇಲೆ ಎತ್ತಿ ಕಟ್ಟಬೇಕೇ ಬೇಡವೇ ಎಂಬುದನ್ನು ಎರಡು ತಿಂಗಳ ಕಾಲ ತೀರ್ಮಾನಿಸದೆ ಬಿಟ್ಟದ್ದೇ ಅದಕ್ಕೆ ಕಾರಣ. ಮುಂದಿನ ಮದುವೆಗಳಿಗಾಗಿ ಈಗ ಗೌನು ಹೊಲಿಯಲು ಕೊಡುತ್ತಿರುವವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ.

ಗೌನಿನ ಹಿಂಬದಿಯಲ್ಲಿ ನೆಲದ ಮೇಲೆ ಹರಡಿಕೊಂಡು ಬರುವ ಉದ್ದನೆಯ ಭಾಗಕ್ಕೆ ಟ್ರೇನ್ ಎನ್ನುತ್ತಾರೆ. ಅದನ್ನು ಗುಂಡಿ, ಹುಕ್ಕು ಅಥವಾ ರಿಬ್ಬನ್‌ಗಳಿಂದ ಸೊಂಟದವರೆಗೆ ಎತ್ತಿ ನಿಲ್ಲಿಸಿ, ಗೌನಿನ ಅಂಚು ಸುತ್ತಲೂ ಒಂದೇ ಮಟ್ಟಕ್ಕೆ ಬರುವಂತೆ ಮಾಡುವುದಕ್ಕೆ ಬಸಲ್ ಎಂದು ಹೆಸರು. ತಂಗಿಯ ಟ್ರೇನ್ ಹಿಮ್ಮಡಿಯಿಂದ ಆಚೆಗೆ ನಾಲ್ಕು ಅಡಿಯಷ್ಟಿತ್ತು; ಒಳಗೆ ಸ್ಯಾಟಿನ್, ಮೇಲೆ ನೆಟ್, ಅದರ ಮೇಲೆ ಮಣಿ ಕೂರಿಸಿದ ಲೇಸ್. ಅವಳು ಆರಿಸಿಕೊಂಡದ್ದು ಚಿತ್ರಗಳನ್ನು ನೋಡಿ. ಆ ಚಿತ್ರಗಳಲ್ಲೆಲ್ಲ ಮದುಮಗಳು ಚರ್ಚಿನ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಿರುತ್ತಾಳೆ, ಇಲ್ಲವೇ ಮೆಟ್ಟಿಲ ಮೇಲೆ ನಿಶ್ಚಲವಾಗಿ ನಿಂತಿರುತ್ತಾಳೆ. ಅದೇ ಗೌನು ತೊಟ್ಟು ಕಾರಿನಲ್ಲಿ ಕುಳಿತುಕೊಳ್ಳಬೇಕು, ಊಟ ಮಾಡಬೇಕು, ಕುಣಿಯಬೇಕು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. 1981ರಲ್ಲಿ ಲಂಡನ್ನಿನಲ್ಲಿ ನಡೆದ ಡಯಾನಾ ಅವರ ಮದುವೆಯಲ್ಲಿ 25 ಅಡಿಯ ರೇಷ್ಮೆಯ ಟ್ರೇನ್ ಕುದುರೆಗಾಡಿಯೊಳಗೆ ಮುದುಡಿ, ಇಳಿಯುವ ಹೊತ್ತಿಗೆ ಸುಕ್ಕುಗಟ್ಟಿದ್ದನ್ನು ಜಗತ್ತೇ ಕಂಡಿತ್ತು. ನಾವಂತೂ ಕಾರಿನ ಸೀಟನ್ನಾಗಲಿ, ಹಾಲ್‌ನ ಸ್ಟೇಜ್ ಮೆಟ್ಟಿಲುಗಳನ್ನಾಗಲಿ ಒಮ್ಮೆಯೂ ಗಮನಿಸಿರಲಿಲ್ಲ.

ಬಸಲ್ ಬೇಡವೆನ್ನಲು ಪ್ರತಿಯೊಬ್ಬರಿಗೂ ಒಂದೊಂದು ಕಾರಣವಿತ್ತು. ಲೇಸಿನ ಮೇಲೆ ಗುಂಡಿ ಎದ್ದು ಕಾಣುತ್ತದೆಂದು ತಂಗಿಗೆ ಅಳುಕು. ಇಷ್ಟು ಹಣ ಕೊಟ್ಟು ಹೊಲಿಸಿದ ಟ್ರೇನನ್ನು ಮಡಚಿ ಕಟ್ಟುವುದೇಕೆ ಎಂದು ಅಮ್ಮನ ಪ್ರಶ್ನೆ. ಗೌನು ಹೊಲಿದ ಅಂಗಡಿಯವರು, ಟ್ರೇನಿನ ತುದಿಗೆ ಒಂದು ಪಟ್ಟಿ ಹಚ್ಚಿಕೊಡುತ್ತೇವೆ, ಮದುಮಗಳು ಅದನ್ನು ಮಣಿಕಟ್ಟಿಗೆ ಹಾಕಿಕೊಂಡರೆ ಸಾಕು ಎಂದರು. ಕೊನೆಗೆ ಮದುವೆಗೆ ಮೂರು ದಿನವಿರುವಾಗ, ನನ್ನ ಒತ್ತಾಯಕ್ಕೆ, ಸೊಂಟದ ಹತ್ತಿರ ಒಂದು ಗುಂಡಿಯನ್ನೂ ಟ್ರೇನಿನ ನಡುವೆ ಒಂದು ದಾರದ ಕುಣಿಕೆಯನ್ನೂ ಹೊಲಿದು ಕೊಟ್ಟರು. ತಂಗಿ ಆ ದಿನ ಹಾಕಿಕೊಂಡಿದ್ದು ಮನೆಯ ಚಪ್ಪಲಿ. ಗೌನು ಉಬ್ಬಿ ನಿಲ್ಲಲೆಂದು ಒಳಗೆ ತೊಡಬೇಕಾಗಿದ್ದ ಲಂಗವಾದ ಕ್ಯಾನ್‌ಕ್ಯಾನನ್ನು ನಾವು ಒಯ್ದಿರಲೇ ಇಲ್ಲ. ಕುಣಿಕೆಯನ್ನು ಗುಂಡಿಗೆ ಸಿಕ್ಕಿಸಿ ಕನ್ನಡಿಯ ಮುಂದೆ ಎರಡು ನಿಮಿಷ ನಿಂತದ್ದೇ ನಮ್ಮ ಪರೀಕ್ಷೆ.

ಚರ್ಚಿನೊಳಗೆ ಎಲ್ಲವೂ ಸುಂದರವಾಗಿತ್ತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತೊಂದರೆ ಆರಂಭವಾದದ್ದು ಹೊರಗಿನ ಅಂಗಳದಲ್ಲಿ. ಮೇರಿ ಮಾತೆಯ ಗುಹೆಯಾಕಾರದ ಗುಡಿಯಾದ ಗ್ರೊಟ್ಟೊ ಮುಂದೆ ಫೋಟೊ ತೆಗೆಸಿಕೊಳ್ಳುವ ಅರ್ಧ ಗಂಟೆಯಲ್ಲಿ ಟ್ರೇನಿನ ಅಂಚು ಕೆಂಪು ಮಣ್ಣನ್ನು ಹೀರಿಕೊಂಡಿತು. ಬೆವರು ಸುರಿಯುವ ನಮ್ಮ ಕರಾವಳಿಯ ಬೇಸಗೆಯಲ್ಲಿ ತೇವವಾದ ನೆಟ್‌ಗೆ ಹತ್ತಿದ ಮುರಕಲ್ಲಿನ ಧೂಳು ಒರೆಸಿದಷ್ಟೂ ಹರಡುತ್ತದೆ. ಎತ್ತಿ ಕಟ್ಟಬೇಕಾಗಿದ್ದದ್ದು ಚರ್ಚಿನ ಬಾಗಿಲಲ್ಲೇ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಹಾಲ್ ತಲುಪಿದ ಮೇಲೆ ಕುಣಿಕೆಯನ್ನು ಗುಂಡಿಗೆ ಹಾಕಿದೆವು. ಮದುಮಕ್ಕಳು ತಮ್ಮ ಜೊತೆಗಾರರೊಂದಿಗೆ ಸಾಲಾಗಿ ನಡೆಯುವ ಗ್ರ್ಯಾಂಡ್ ಮಾರ್ಚ್ ಅರ್ಧವಾಗುವಷ್ಟರಲ್ಲಿ ದಾರ ಕಿತ್ತುಹೋಗಿ, ಇಡೀ ಟ್ರೇನ್ ಹಿಂದೆ ಬರುತ್ತಿದ್ದ ಧೆಡಿಯ (ಮದುಮಗಳ ಸಖಿಯ) ಕಾಲಿನ ಮುಂದೆ ಬಿತ್ತು. ಆಮೇಲೆ ಮಣಿಕಟ್ಟಿನ ಪಟ್ಟಿಯನ್ನು ನಂಬಿದೆವು. ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದರಲ್ಲಿ ಶುಭ ಹಾರೈಸಿ ಕುಡಿಯುವ ಟೋಸ್ಟಿನ ಗ್ಲಾಸು, ನಡುನಡುವೆ ಸಾಲುಗಟ್ಟಿ ಬಂದು ಕೈಕುಲುಕುವ ನೂರಾರು ಬಂಧುಗಳು, ಇವೆಲ್ಲದರ ಜೊತೆಗೆ ಅಷ್ಟು ಭಾರದ ಬಟ್ಟೆಯನ್ನು ಹೊತ್ತುಕೊಂಡು ನಿಂತ ತಂಗಿಯ ಮಣಿಕಟ್ಟಿನಲ್ಲಿ ಕೆಂಪು ಗೆರೆ ಮೂಡಿತು. ವಾಲ್ಟ್ಸ್ ಎಂಬ ಜೋಡಿ ಕುಣಿತಕ್ಕೆ ಮೊದಲು ಯಾರೋ ಏಳೆಂಟು ಸೇಫ್ಟಿ ಪಿನ್ನುಗಳನ್ನು ತಂದು ಚುಚ್ಚಿದರು. ಮದುಮಗನ ಬೂಟು ಒಮ್ಮೆ ಟ್ರೇನಿನ ಮೇಲೆ ಬಿದ್ದದ್ದೇ ತಡ, ಪಿನ್ನುಗಳು ನೆಟ್ಟಗೆ ಕೆಳಗಿಳಿದು ನೆಟ್ಟನ್ನು ಗೇಣುದ್ದ ಸೀಳಿದವು. ಕುಟುಂಬದ ಫೋಟೊಗೆಂದು ಸ್ಟೇಜ್ ಏರುವಾಗ, ಹಿಂದಿನಿಂದ ತಲೆಯ ವೇಲ್ (ಮುಸುಕು) ಸರಿಪಡಿಸುತ್ತಿದ್ದ ಮೌಶಿಯ ಹಿಮ್ಮಡಿ ಆ ಸೀಳಿನೊಳಗೆ ಸಿಕ್ಕಿಕೊಂಡಿತು. ತಂಗಿ ಒಂದು ಹೆಜ್ಜೆ ಮುಂದಿಟ್ಟಳು, ಮೌಶಿ ಮೂರು ಮೆಟ್ಟಿಲು ಕೆಳಕ್ಕೆ ಉರುಳಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು, ಆರು ವಾರ ಪ್ಲಾಸ್ಟರ್. ತಂಗಿ ಈಗಲೂ ತನ್ನ ಮದುವೆಯ ವಿಡಿಯೊವನ್ನು ಸ್ಟೇಜಿನ ಭಾಗ ಬರುವ ಮೊದಲೇ ನಿಲ್ಲಿಸಿಬಿಡುತ್ತಾಳೆ.

ಮದುವೆಯ ನಂತರ ಆ ಗೌನನ್ನು ಬಹಳ ವರ್ಷಗಳಿಂದ ಮದುವೆ ಗೌನುಗಳನ್ನೇ ಹೊಲಿಯುತ್ತ ಬಂದಿರುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಲೈನಿಂಗ್ ಬಿಚ್ಚಿ ತೋರಿಸಿದಾಗ ತಪ್ಪು ಕಣ್ಣಿಗೆ ಕಂಡಿತು. ಗುಂಡಿಯನ್ನು ಸೊಂಟದ ಗಟ್ಟಿ ಹೊಲಿಗೆಗೆ ಸೇರಿಸದೆ ಬರೀ ಮೇಲಿನ ಲೇಸಿಗೆ ಹೊಲಿದಿದ್ದರು. ಒಳಬದಿಯಲ್ಲಿ ಆಧಾರಕ್ಕೆ ಒಂದು ಬಟ್ಟೆಯ ತುಂಡೂ ಇರಲಿಲ್ಲ. ಕುಣಿಕೆ ಸಾಮಾನ್ಯ ಹೊಲಿಗೆಯ ದಾರದ್ದಾಗಿತ್ತು. ಅಷ್ಟು ತೂಕದ ಟ್ರೇನಿಗೆ ಕನಿಷ್ಠ ಐದು ಕಡೆ ಗುಂಡಿ ಬೇಕಿತ್ತು, ಭಾರ ಹಂಚಿಹೋಗಬೇಕಿತ್ತು, ಕುಣಿಕೆಗಳನ್ನು ಗಟ್ಟಿ ಹುರಿಯಿಂದ ಅಥವಾ ಗಾಳಕ್ಕೆ ಬಳಸುವ ನೈಲಾನ್ ದಾರದಿಂದ ಮಾಡಬೇಕಿತ್ತು ಎಂದರು. ಗುಂಡಿ ಕಾಣುತ್ತದೆಂಬ ತಂಗಿಯ ಅಳುಕಿಗೂ ಅವರಲ್ಲಿ ಉತ್ತರವಿತ್ತು: ಮಣಿಗಳಿರುವ ಲೇಸಿನಲ್ಲಿ ಸಣ್ಣ ಗುಂಡಿಗಳನ್ನು ಮಣಿಗಳ ನಡುವೆಯೇ ಅಡಗಿಸಬಹುದು.

ಹೀಗೆ ಹೊರಗಿನಿಂದ ಸಿಕ್ಕಿಸುವುದನ್ನು ಅಮೆರಿಕನ್ ಬಸಲ್ ಎನ್ನುತ್ತಾರಂತೆ. ಇನ್ನೊಂದು ಫ್ರೆಂಚ್ ಬಸಲ್. ಅದರಲ್ಲಿ ಟ್ರೇನಿನ ಅಡಿಯಲ್ಲಿ ಜೋಡಿ ಜೋಡಿ ರಿಬ್ಬನ್‌ಗಳನ್ನು ಹೊಲಿದು, ಒಳಗಿನಿಂದಲೇ ಒಂದಕ್ಕೊಂದು ಕಟ್ಟುತ್ತಾರೆ, ಹೊರಗೆ ಏನೂ ಕಾಣುವುದಿಲ್ಲ. ಆದರೆ ಅದನ್ನು ಕಟ್ಟಲು ಒಬ್ಬರು ಗೌನಿನ ಕೆಳಗೆ ಮಂಡಿಯೂರಿ ಕೂರಬೇಕು, ಅದಕ್ಕೊಂದು ಕೋಣೆಯೂ ಹತ್ತು ಹದಿನೈದು ನಿಮಿಷದ ಬಿಡುವೂ ಬೇಕು, ಯಾವ ರಿಬ್ಬನ್ನಿಗೆ ಯಾವುದು ಜೋಡಿ ಎಂದು ತಿಳಿಯಲು ಬಣ್ಣವನ್ನೋ ಸಂಖ್ಯೆಯನ್ನೋ ಗುರುತು ಹಾಕಿಸಿರಬೇಕು. ಧೆಡಿಯಾಗುವವಳನ್ನು ಫಿಟ್ಟಿಂಗಿಗೆ ಕರೆದುಕೊಂಡು ಹೋಗಿ, ಅವಳ ಕೈಯಿಂದಲೇ ಎರಡು ಬಾರಿ ಕಟ್ಟಿಸಿ, ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಎತ್ತಿ ಕಟ್ಟಿದ ಮೇಲೆ ಮದುವೆಯ ದಿನದ ಶೂ ಮತ್ತು ಕ್ಯಾನ್‌ಕ್ಯಾನ್ ಎರಡನ್ನೂ ತೊಟ್ಟು ನಡೆದು, ಕುಳಿತು, ಮೆಟ್ಟಿಲು ಹತ್ತಿ, ಒಂದು ಸುತ್ತು ಕುಣಿದೇ ನೋಡಬೇಕು. ಹಿಮ್ಮಡಿಯ ಎತ್ತರ ಬದಲಾದರೆ ಗುಂಡಿಯ ಜಾಗವೂ ಬದಲಾಗುತ್ತದೆ. ಇದಕ್ಕೆಲ್ಲ ಮದುವೆಗೆ ಮೊದಲು ಮೂರು ವಾರವಾದರೂ ಕೈಯಲ್ಲಿರಲಿ. ಬಸಲ್ ಹೊಲಿಗೆಯ ಕೂಲಿ ಗೌನಿನ ಬೆಲೆಯಲ್ಲಿ ಸೇರಿದೆಯೇ ಎಂಬುದನ್ನೂ ಮುಂಗಡ ಕೊಡುವ ದಿನವೇ ಕೇಳಿಬಿಡಿ. ಕೊನೆಯ ವಾರದಲ್ಲಿ ಕೇಳಿದ ನಮಗೆ ಅವಸರದ ಕೆಲಸ ಸಿಕ್ಕಿತು.

ಎಲ್ಲ ಗೌನಿಗೂ ಬಸಲ್ ಬೇಕೆಂದು ನಾನು ಹೇಳುವುದಿಲ್ಲ. ನೆಲಕ್ಕೆ ಒಂದೆರಡು ಗೇಣು ಮಾತ್ರ ತಾಗುವ ಟ್ರೇನಿಗೆ ಅದರ ಅಗತ್ಯವಿಲ್ಲ. ಸೊಂಟದಲ್ಲಿ ಹುಕ್ಕು ಹಾಕಿ ಬಿಚ್ಚಿಡಬಹುದಾದ ಟ್ರೇನನ್ನೂ ಈಗ ಹೊಲಿದುಕೊಡುತ್ತಾರೆ. ಚರ್ಚಿನಿಂದ ಬಂದ ಕೂಡಲೇ ಸೀರೆಗೆ ಬದಲಾಗುವವರಿಗೂ ಗುಂಡಿ ರಿಬ್ಬನ್‌ಗಳ ಗೊಡವೆಯಿಲ್ಲ. ಬರುವ ಜನವರಿಯಲ್ಲಿ ಮದುವೆಯಾಗಲಿರುವ ಮೌಶಿಯ ಮಗಳು ಬಿಚ್ಚಿಡುವ ಟ್ರೇನನ್ನೇ ಆರಿಸಿಕೊಂಡಿದ್ದಾಳೆ, ಅವಳ ಮೊದಲ ಫಿಟ್ಟಿಂಗಿಗೆ ಶೂ ಹಿಡಿದುಕೊಂಡು ಹೋದವರು ಸ್ವತಃ ಮೌಶಿ.